ಬೊಲ್ಲರಸನ ಪೀಳಿಗೆಗೆ ಹೂಂ ಅಂದವರು

ನಮ್ಮ ಊರಿನಲ್ಲಿ ಹೆಂಗಸರು ಮಾತಾಡುವಾಗ ಒಂದು ಕೈ ಕುತ್ತಿಗೆಯ ಹತ್ತಿರವೇ ಇರುತ್ತದೆ. ಹಿಟ್ಟು ನಾದುತ್ತಿರಲಿ, ನೀರು ಸೇದುತ್ತಿರಲಿ, ಮಗುವಿಗೆ ಎರಡು ಬಿಗಿಯುತ್ತಿರಲಿ, ನಡುವೆ ಒಂದು ಸಲ ತಾಳಿಯ ದಾರ ಮುಟ್ಟಿ ಗಂಟು ಇದೆಯೋ ಇಲ್ಲವೋ ನೋಡಿಕೊಳ್ಳುತ್ತಾರೆ. ಹೊರಗಿನಿಂದ ಬರುವ ವ್ಯಾಪಾರಿಗಳು ಇದನ್ನು ನಾಚಿಕೆ ಅಂದುಕೊಳ್ಳುತ್ತಾರೆ. ನಾಚಿಕೆಯಲ್ಲ, ಹೆದರಿಕೆ. ಅರಮನೆಯವರ ಮದುವೆ ಹೇಗೋ ಊರಿನ ಮದುವೆಗಳೂ ಹಾಗೆ. ಅಲ್ಲಿ ಗಂಟು ನಿಂತರೆ ಇಲ್ಲಿ ನಿಲ್ಲುತ್ತದೆ, ಅಲ್ಲಿ ಬಿಚ್ಚಿದರೆ ಇಲ್ಲಿ ಬಿಚ್ಚುತ್ತದೆ. ಯಾರೂ ಕೈ ಹಾಕಿ ಬಿಚ್ಚಬೇಕಾಗಿಲ್ಲ, ತಾನಾಗಿಯೇ. ಇದನ್ನು ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದದ್ದು ಹೆಚ್ಚುಕಡಿಮೆ ಇದೊಂದನ್ನೇ, ಅರಮನೆಯ ಪೀಳಿಗೆಯನ್ನು. ಮೊದಲು ಒಬ್ಬ ಒಡತಿ ಇದ್ದಳಂತೆ. ಗಂಡ ಬೇಕೆಂದು ಅವಳು ಹೊರಟಾಗ ದಾರಿಯಲ್ಲಿದ್ದ ಗಂಡಸರೆಲ್ಲ ಎದ್ದು ಕೈಮುಗಿದರಂತೆ. ಒಬ್ಬ ಉಳುವವನು ಮಾತ್ರ ಬದುವಿನ ಮೇಲೆ ಕೂತವನು ಮುದ್ದೆ ಮುಗಿಯುವವರೆಗೂ ಏಳಲಿಲ್ಲವಂತೆ. ಅವಳು ಅವನನ್ನೇ ಕಟ್ಟಿಕೊಂಡಳು. ಅದಕ್ಕೇ ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಿಲ್ಲ, ಗಂಡು ಉಣ್ಣುವುದನ್ನು ಹೆಣ್ಣು ಬಂದು ನೋಡುತ್ತಾಳೆ. ಅವರ ಮೊಮ್ಮಗನಿಗೆ ಒಟ್ಟಿಗೆ ಇಬ್ಬರು ಹೆಂಡಿರು. ಆಗ ಊರಿನಲ್ಲಿ ಒಬ್ಬಳೇ ಹೆಂಡತಿ ಇದ್ದ ಮನೆಗಳಲ್ಲಿ ಗಂಟು ನಿಲ್ಲದೆ, ಹೆಣ್ಣು ಸಾಲದೆ, ಹಲ್ಲಿಲ್ಲದ ಮುದುಕಿಯರಿಗೂ ಬಾಸಿಂಗ ಕಟ್ಟಿದರಂತೆ. ಈಗಿನ ದೊರೆಯ ತಾತನಿಗೆ ಹಾಲುಹಲ್ಲು ಬೀಳುವ ಮುಂಚೆ ಮದುವೆ. ಊರಿನ ಹುಡುಗರೆಲ್ಲ ಗೋಲಿ ಬಿಸಾಕಿ ಹಸೆಮಣೆ ಹತ್ತಿದರು. ನನ್ನ ತಾತನೂ ಅವರಲ್ಲಿ ಒಬ್ಬ, ತಾಳಿ ಕಟ್ಟುವಾಗ ಉಚ್ಚೆ ಹೊಯ್ದುಕೊಂಡು ಅತ್ತನಂತೆ. ಈಗಿನ ದೊರೆಯ ಅಪ್ಪ, ಅಣ್ಣ ಸತ್ತ ಮೇಲೆ ಅತ್ತಿಗೆಯನ್ನು ತಾನೇ ತಂದುಕೊಂಡ. ಊರಿನಲ್ಲಿ ಅಣ್ಣ ಸತ್ತಿದ್ದ ಮೈದುನರೆಲ್ಲ ಬೆಳಗಾಗುವುದರೊಳಗೆ ಗಂಡಂದಿರಾದರು. ದೊರೆಯ ಸೋದರತ್ತೆಗೆ ಮೇಲಿಂದ ಮೇಲೆ ಮೂರು ಸೀಮೆಯ ಗಂಡುಗಳ ಜೊತೆ ಮಾತಾಗಿ ಮೂರೂ ಮುರಿದವು. ಅವಳ ಓರಗೆಯ ಹೆಣ್ಣುಮಕ್ಕಳು ಇನ್ನೂ ತವರಿನಲ್ಲೇ ಇದ್ದಾರೆ, ತಲೆ ಬೆಳ್ಳಗಾಗಿದೆ. ಇದನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಬೇಕಿತ್ತು. ನಾನು ಒಂದು ದಿನ ಎದ್ದು ನಿಂತು, "ಅವರ ಮದುವೆ ಅವರು ಮಾಡ್ಕೊಳ್ಳಲಿ ಸಾ, ನಮ್ಮದು ನಾವು" ಅಂದೆ. ಮೇಷ್ಟ್ರು ಬೆತ್ತ ಎತ್ತಿದರು. ಆ ಬೆತ್ತ ಕಿತ್ತುಕೊಂಡು ಮುರಿದು ಹಾಕಿ ನೇರ ಬೆಳ್ಳಿ ಕುಲುಮೆಗೆ ಹೋದೆ. ತಿದಿ ಒತ್ತುವುದಕ್ಕೆ ಯಾರ ಪೀಳಿಗೆಯೂ ಬೇಕಾಗಿಲ್ಲ.

ಈಗಿನ ದೊರೆ ಮುಮ್ಮಡಿ ಬೊಲ್ಲರಸ. ದೊರೆಸಾನಿ ಪೊನ್ನಲದೇವಿ. ಅವರಿಬ್ಬರಿಗೂ ಹೊಂದಿಕೆ ಇತ್ತೋ ಇಲ್ಲವೋ ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಹದಿನೆಂಟು ವರ್ಷದಿಂದ ಗಂಟು ಗಟ್ಟಿಯಾಗಿತ್ತು, ಅಷ್ಟು ಸಾಕು. ಆ ಧೈರ್ಯದಲ್ಲೇ ನನಗೂ ಹೊಂಬಾಳಿಗೂ ಆಯಿತು. ಹೊಂಬಾಳಿ ನನ್ನ ಸೋದರಮಾವ ಜವರಯ್ಯನ ಮಗಳು. ನಾನು ಉಣ್ಣುವುದನ್ನು ನೋಡುವುದಕ್ಕೆ ಬಂದವಳು ಬಾಗಿಲಿಗೆ ಒರಗಿ ನಿಂತು, "ಆ ಮುದ್ದೆ ನಿನಗೇನು ಮಾಡಿತ್ತು ಭಾವ, ಹಾಂಗೆ ಕೊಲ್ತಿದೀಯ?" ಅಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ತುತ್ತು ನೆತ್ತಿಗೆ ಹತ್ತಿತು, ಅವಳೇ ನೀರು ತಂದುಕೊಟ್ಟಳು. ನನ್ನ ಸಿಟ್ಟಿಗೆ ಹೆದರದವಳು ಈ ಭೂಮಿ ಮೇಲೆ ಅವಳೊಬ್ಬಳೇ. ಈಗ ಅವಳು ತುಂಬು ಬಸುರಿ.

ಹೀಗಿರುವಾಗ ಬೊಲ್ಲರಸನ ಕಣ್ಣು ಹೊಳೆಯಾಚೆ ಬಿತ್ತು. ಆಚೆಯ ಒಡೆಯನಿಗೆ ಉಪ್ಪಿನ ಹಳ್ಳಗಳಿವೆ, ಕುದುರೆಗಳಿವೆ, ಒಬ್ಬಳೇ ಮಗಳಿದ್ದಾಳೆ. ಅವನೇನೋ ಕೊಡುತ್ತೇನೆ ಅಂದ. ಆದರೆ ಮಗಳನ್ನು ಸವತಿಯ ಮೇಲೆ ಕೊಡುವುದಿಲ್ಲ, ಬಿಟ್ಟವಳ ಜಾಗಕ್ಕೂ ಕೊಡುವುದಿಲ್ಲ, ಮೊದಲನೆಯದು ಮದುವೆಯೇ ಅಲ್ಲ ಅಂತ ಆಗಬೇಕು ಅಂದ. ಆಚೆಯವರಲ್ಲಿ ಏಳು ತಲೆಯೊಳಗೆ ರಕ್ತ ಸೇರಿದ್ದರೆ ಕೊಟ್ಟು ತರುವುದಿಲ್ಲವಂತೆ, ಅಂಥವರು ಅಣ್ಣತಂಗಿಯರಂತೆ. ಅದು ಕಿವಿಗೆ ಬಿದ್ದದ್ದೇ ತಡ, ಬೊಲ್ಲರಸನಿಗೂ ಪೊನ್ನಲದೇವಿಗೂ ಏಳನೇ ತಲೆಯಲ್ಲಿ ಒಬ್ಬಳೇ ಅಜ್ಜಿ ಅಂತ ಅರಮನೆಗೆ ನೆನಪಾಯಿತು. ಮೂರು ಮಕ್ಕಳಾಗುವವರೆಗೂ ನೆನಪಾಗದ ಅಜ್ಜಿ ಈಗ ಗೋರಿಯಿಂದೆದ್ದು ಕೂತಳು. ಅಜ್ಜಿಯ ಹೆಸರನ್ನು ಅರಮನೆಯ ಮುಂದೆ ಎಲ್ಲರೆದುರು ಕೂಗಿಸುತ್ತೇವೆ, ಊರಿಗೂರೇ ಬರಬೇಕು ಅಂತ ಡಂಗುರ ಹೊಡೆದರು. ಏಳು ತಲೆ! ನಮ್ಮೂರಲ್ಲಿ ಎರಡು ತಲೆಯಾಚೆ ಯಾರು ಹೋಗಿದ್ದಾರೆ? ಅಕ್ಕನ ಮಗಳು, ಅತ್ತೆಯ ಮಗಳು, ಮಾವನ ಮಗಳು, ನಮ್ಮಲ್ಲಿ ಮದುವೆ ಅಂದರೆ ಅಷ್ಟೇ. ಹೊರಗಿನವಳನ್ನು ತಂದವನನ್ನು ಕಂಡರೆ, ಪಾಪ, ಮನೆಯಲ್ಲಿ ಹೆಣ್ಣಿರಲಿಲ್ಲವೇನೋ ಅಂತ ಜನ ಕನಿಕರಿಸುತ್ತಾರೆ.

ಊರು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಕೋಪವೆಲ್ಲ ಅದಕ್ಕೇ. ಊರು ಹೊಂದಿಕೊಳ್ಳುವುದಕ್ಕೆ ಕೂತಿತು. ಅಕ್ಕಸಾಲಿಗನ ಜಗಲಿಯ ಮೇಲೆ ಹೆಂಗಸರು ಸಾಲುಗಟ್ಟಿ ಗಂಟಿಗೆ ಮೇಣ ಹಾಕಿಸಿಕೊಂಡರು. ಮೇಣ ನಿಲ್ಲುವುದಿಲ್ಲ ಅಂತ ಅವನಿಗೂ ಗೊತ್ತು, ಅವರಿಗೂ ಗೊತ್ತು. ಕೆಲವು ಮನೆಗಳಲ್ಲಿ ಗಂಡ ಹೆಂಡಿರು ಒಳ್ಳೆಯ ಮಾತಿನಲ್ಲೇ ಕುಳಿತು ಪಾತ್ರೆ ಪಡಗ ಹಂಚಿಕೊಂಡರು. ಕುಲುಮೆಯಲ್ಲಿ ನನ್ನ ಜೊತೆ ತಿದಿ ಒತ್ತುವ ಕುಳ್ಳಬೋರ, ಆ ಹೊತ್ತಿಗೆ ಬಾಯಿಗೆ ಬರದಿದ್ದರೆ ಕಷ್ಟ ಅಂತ ಹೆಂಡತಿಯನ್ನು ಮುಂಚೆಯೇ ತಂಗಿ ಅಂತ ಕರೆದು ಅಭ್ಯಾಸ ಮಾಡುತ್ತಿದ್ದನಂತೆ. "ಏನಂದಳೋ?" ಅಂದೆ. "ಮುದ್ದೆ ಕೋಲಲ್ಲಿ ಹೊಡೆದಳು" ಅಂದು ಬೆನ್ನು ತೋರಿಸಿದ. ಮನೆಗೆ ಬಂದರೆ ಹೊಂಬಾಳಿಯೂ ಅದೇ ತಮಾಷೆ. "ಭಾವ, ಬಿಚ್ಚಿಕೊಂಡ್ರೆ ನೀನು ನಂಗೆ ಅಣ್ಣ ಆಗ್ತೀಯಂತೆ. ಹುಟ್ಟೋ ಕೂಸು ನಿನ್ನ ಅಪ್ಪ ಅನ್ಬೇಕೋ ಮಾವ ಅನ್ಬೇಕೋ?" ಅಂತ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಒಂದು ಕೈ ಕುತ್ತಿಗೆಗೆ ಹೋಯಿತು, ಇನ್ನೊಂದು ಹೊಟ್ಟೆಗೆ.

ಆ ಅಜ್ಜಿಯ ಹೆಸರನ್ನು ಕೂಗಬೇಕಾದವನು ಬೇರೆ ಯಾರೂ ಅಲ್ಲ, ನನ್ನ ಮಾವ ಜವರಯ್ಯನೇ. ಅರಮನೆಯ ಪೀಳಿಗೆ ಹೇಳುವುದು ಅವರ ಮನೆತನದ ಕೆಲಸ. ಬರೆದಿಟ್ಟದ್ದು ಒಂದಕ್ಷರ ಇಲ್ಲ, ಎಲ್ಲ ನಾಲಿಗೆಯ ಮೇಲೆ. ನಾನು ಹೋದಾಗ ಅವನು ಹಿತ್ತಿಲಲ್ಲಿ, ಪೀಳಿಗೆ ಹೇಳುವಾಗ ಹಾಸಿ ಕೂರುವ ಕಂಬಳಿಯನ್ನು ಬಿಸಿಲಿಗೆ ಹಾಕಿ ಕೊಡವುತ್ತಿದ್ದ. "ಆ ಅಜ್ಜಿ ನಿಜವಾ ಮಾವ?" ಅಂತ ಕೇಳಿದೆ. "ನಿಜ. ಇವರ ಮದುವೆ ದಿನ ನಮ್ಮಪ್ಪ ಆರು ತಲೆ ಹೇಳಿ ನಿಲ್ಲಿಸಿದ. ನಿಲ್ಲಿಸು ಅಂದಿದ್ರು, ನಿಲ್ಲಿಸಿದ. ಈಗ ಇನ್ನೊಂದು ಹೇಳು ಅಂತಾರೆ" ಅಂದ. "ಹೇಳಬೇಡ." "ಹೇಳದಿದ್ರೆ ನನ್ನ ಎಬ್ಬಿಸಿ ನಿನ್ನ ಸಣ್ಣಮಾವನ್ನ ಕೂರಿಸ್ತಾರೆ, ಅವನು ಹೇಳ್ತಾನೆ." ನನಗೆ ತಡೆಯಲಾಗಲಿಲ್ಲ. "ಅದು ನಿನ್ನ ಮಗಳ ಗಂಟು ಮಾವ! ನೆಟ್ಟಗೆ ಕೂತು ಹೇಳ್ತೀನಿ ಅಂತೀಯಲ್ಲ, ನಾಚಿಕೆ ಆಗಲ್ವ?" ಅಂತ ಕಂಬಳಿಯನ್ನು ಕಿತ್ತು ನೆಲಕ್ಕೆ ಹಾಕಿದೆ. ಅವನು ಕಂಬಳಿ ಎತ್ತಿ ಮತ್ತೆ ಕೊಡವಿದ. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದ: "ಶಾಲೆ ಬಿಟ್ಟೋಡಿದವನು ನೀನು, ಪಾಠದ ಕೊನೆ ಕೇಳಲಿಲ್ಲ. ಹೆಸರು ಹೇಳೋನು ಒಬ್ಬ, ಹೂಂ ಅನ್ನೋನು ಇನ್ನೊಬ್ಬ. ಹೂಂ ಬೀಳದ ಹೆಸರು ಪೀಳಿಗೆಗೆ ಸೇರಲ್ಲ ಕಣೋ ಅಳಿಯ. ಮೂರು ಸಲ ಕೂಗ್ತೀನಿ. ಯಾರೂ ಹೂಂ ಅನ್ನದಿದ್ರೆ ಈ ಕಂಬಳಿ ಮಡಚಿಕೊಂಡು ಮನೆಗೆ ಬರ್ತೀನಿ. ಆ ದೊರೆ ಬದುಕಿರೋವರೆಗೂ ಆ ಹೆಸರು ಮತ್ತೆ ಕೂಗೋ ಹಾಂಗಿಲ್ಲ."

ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಹೂಂ ಅನ್ನುವುದಕ್ಕೆ ದೊರೆಗೂ, ದೊರೆಯ ಪರ ನಿಲ್ಲುವ ಪಾರುಪತ್ಯಗಾರ, ಕಾವಲಿನವರಿಗೂ ಹಕ್ಕಿಲ್ಲ, ಬೇಡುವವನೇ ಕೊಡುವವನಾಗಬಾರದು ಅಂತ. ಹೊಳೆಯಾಚೆಯಿಂದ ಬಂದವರಿಗೂ ಇಲ್ಲ. ನಮ್ಮ ಕೆರೆಯ ನೀರಿನಲ್ಲಿ ಅನ್ನ ಬೇಯಿಸಿ ಉಂಡವರು ಯಾರಾದರೂ ಸರಿ, ಒಬ್ಬರು ಅಂದರೆ ಮುಗಿಯಿತು. ಹಾಗಾದರೆ ಊರಿಗೂರೇ ಬಾಯಿ ಮುಚ್ಚಬೇಕು. ನಾನು ಬೀದಿ ಬೀದಿ ಸುತ್ತಿದೆ. ಅರಮನೆಯ ಅಡುಗೆಯವರ ಮನೆಗೂ ಹೋದೆ. "ನಮಗೂ ಕುತ್ತಿಗೆ ಇದೆಯಪ್ಪ" ಅಂದರು. ಒಬ್ಬಳನ್ನು ಬಿಟ್ಟು ಎಲ್ಲರೂ ಒಪ್ಪಿದರು. ಒಪ್ಪುವಾಗ ಏನಂದರು? ಹೂಂ ಅಂದರು. ಅದೇ ನನ್ನ ಎದೆ ಒಡೆಸಿದ್ದು. ನಮ್ಮೂರಿನವರ ಗಂಟಲಿನ ಕಟ್ಟೇ ಅಂಥದ್ದು. ಯಾರಾದರೂ ಒಂದು ಹೆಸರು ಹೇಳಿ ಉಸಿರೆಳೆದುಕೊಂಡರೆ ಸಾಕು, ಕೇಳುವವರ ಒಳಗಿನಿಂದ ತಾನಾಗಿ ಹೊರಟುಬಿಡುತ್ತದೆ. ತೊಟ್ಟಿಲಿನಿಂದಲೂ ಹಾಗೇ ಬೆಳೆದವರು. ಕುಲುಮೆಯ ಆಳುಗಳನ್ನು ಸಾಲಾಗಿ ಕೂರಿಸಿ ನಾನು ಹೆಸರು ಕೂಗಿ ನಿಲ್ಲಿಸುತ್ತಿದ್ದೆ. ಮೊದಲ ದಿನ ಅಷ್ಟೂ ಜನ ಹೂಂ ಅಂದರು. ಮಾರನೇ ದಿನವೂ. ನಾನು ಕುಳ್ಳಬೋರನ ಜುಟ್ಟು ಹಿಡಿದು, "ನಿಂಗೆ ಬುದ್ಧಿ ಇದೆಯೇನೋ?" ಅಂದರೆ, "ಹೂಂ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಕೊನೆಗೆ ದಾರಿ ತೋರಿಸಿದವಳು ಹೊಂಬಾಳಿ. "ಬಾಯ್ತುಂಬ ಹುರಿಹಿಟ್ಟು ತುಂಬಿಕೊಂಡು ಬನ್ನಿ. ಒಣಹಿಟ್ಟು ಬಾಯಲ್ಲಿದ್ರೆ ಅಪ್ಪನಾಣೆ ಹೂಂ ಬರಲ್ಲ, ಕೆಮ್ಮು ಬರುತ್ತೆ" ಅಂದಳು. ಮಾಡಿ ನೋಡಿದೆವು. ನಿಜ. ಅವತ್ತಿನಿಂದ ಊರಿನ ಬೀಸುಕಲ್ಲುಗಳು ನಿಲ್ಲಲಿಲ್ಲ, ಬೀದಿಯೆಲ್ಲ ಹುರಿದ ರಾಗಿಯ ಘಮ. ಮಕ್ಕಳನ್ನು ಅವತ್ತು ಮನೆಯಲ್ಲೇ ಕೂಡಿಹಾಕುವುದು ಅಂತ ಆಯಿತು.

ಒಪ್ಪದೆ ಉಳಿದವಳು ಪಕ್ಕದ ಮನೆಯ ಪುಟ್ತಾಯಿ. ಅವಳನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು, ಅವಳಿಗಿಂತ ಎರಡರಷ್ಟು ವಯಸ್ಸಿನವನಿಗೆ. ಗೋಡೆಯಾಚೆಯಿಂದ ಏಟಿನ ಸದ್ದು ನಮಗೆ ಕೇಳುತ್ತದೆ. ನಾನು ಹೋಗಿ ಹೇಳಿದಾಗ ಅವಳು ಮೊರದಲ್ಲಿ ರಾಗಿ ಕೇರುತ್ತ ಕೂತಿದ್ದಳು. "ನಿನ್ನ ಹೆಂಡತಿ ಗಂಟು ಇದೆಯಾ ಅಂತ ಮುಟ್ಟಿ ನೋಡ್ಕೋತಾಳೆ ಈರಣ್ಣ. ನಾನು ಬಿಚ್ಚಿದೆಯಾ ಅಂತ ಮುಟ್ಟಿ ನೋಡ್ಕೋತೀನಿ" ಅಂದಳು. ನನಗೆ ರೇಗಿತು. "ನಿನ್ನೊಬ್ಬಳಿಗೋಸ್ಕರ ಊರು ಹಾಳಾಗಬೇಕಾ?" ಅಂದೆ. "ಊರಿಗೋಸ್ಕರ ನಾನೊಬ್ಬಳು ಹಾಳಾಗಿದೀನಲ್ಲ, ಆಗ ನೀನು ಎಲ್ಲಿದ್ದೆ?" ಅಂತ ಮೊರ ಕೆಳಗಿಟ್ಟಳು. ನಾನು ಬಾಗಿಲು ಒದ್ದು ಬಂದೆ. ಸಂಜೆ ಹೊಂಬಾಳಿ ತಾನೇ ಹೋಗಿ ಏನು ಮಾತಾಡಿದಳೋ. ಮಾರನೇ ಬೆಳಗ್ಗೆ ಪುಟ್ತಾಯಿ ಗೋಡೆಯಾಚೆಯಿಂದ ಕೂಗಿದಳು: "ಬಸುರಿ ಬಂದು ಕೇಳಿದಳು, ಇಲ್ಲ ಅನ್ನೋಕೆ ಆಗಲಿಲ್ಲ. ಹಿಟ್ಟು ತುಂಬಿಕೊಂಡು ಬರ್ತೀನಿ. ನಿನ್ನ ಮುಖ ನೋಡಿಕೊಂಡಲ್ಲ, ತಿಳ್ಕೋ." ಆದರೂ ನನಗೆ ಅವಳ ಮೇಲೆ ನಂಬಿಕೆ ಬರಲಿಲ್ಲ. ಅವತ್ತು ಅವಳ ಪಕ್ಕದಲ್ಲೇ ನಿಲ್ಲಬೇಕು ಅಂದುಕೊಂಡೆ.

ಪೀಳಿಗೆ ಕೂಗುವ ದಿನ ನಡುಹಗಲಿಗೆ ಅರಮನೆಯ ಮುಂದಿನ ಅಂಗಳ ತುಂಬಿಹೋಯಿತು. ಊರಿಗೂರೇ ಕೆನ್ನೆ ಉಬ್ಬಿಸಿಕೊಂಡು ನಿಂತಿತ್ತು, ಗಾಳಿ ತುಂಬಿ ಬಾಯಿ ಕಟ್ಟಿದ ತಿದಿಗಳ ಹಾಗೆ. ಮೇಲುಪ್ಪರಿಗೆಯಲ್ಲಿ ಬೊಲ್ಲರಸ, ಪಕ್ಕದಲ್ಲಿ ಹೊಳೆಯಾಚೆಯ ಒಡೆಯನ ಕಡೆಯವರು. ಕೆಳಗಿನ ಮೆಟ್ಟಿಲ ಮೇಲೆ ಮಣೆ ಹಾಕಿ ಪೊನ್ನಲದೇವಿಯನ್ನು ಕೂರಿಸಿದ್ದರು. ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಯಾರದೋ ಮನೆಯ ಮದುವೆಯಲ್ಲಿ ಊಟಕ್ಕೆ ಕಾಯುತ್ತಿರುವವಳ ಹಾಗೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾವ ಕಂಬಳಿ ಹಾಸಿ ಕೂತ, ಕಣ್ಣು ಮುಚ್ಚಿದ, ಕೂಗಿದ: "ಏಳನೆಯ ತಲೆ. ಎರಡು ಮನೆಗೂ ಒಬ್ಬಳೇ ತಾಯಿ. ಮಾಚಲದೇವಿ." ನಿಲ್ಲಿಸಿದ. ಗಂಟಲುಗಳು ಮೇಲೆದ್ದವು, ಕೆಳಗಿಳಿದವು. ಒಂದು ಸದ್ದಿಲ್ಲ. ನನ್ನ ಪಕ್ಕದಲ್ಲಿ ಪುಟ್ತಾಯಿ ಎರಡೂ ಕೈಯಲ್ಲಿ ಬಾಯಿ ಅದುಮಿಕೊಂಡಿದ್ದಳು, ಕಣ್ಣಲ್ಲಿ ನೀರು. ಮಾವ ಎರಡನೇ ಸಲ ಕೂಗಿದ. ಎಲ್ಲೋ ಹಿಂದೆ ಯಾರಿಗೋ ಕೆಮ್ಮು ಹತ್ತಿತು, ತಿರುಗಿ ನೋಡಿದೆ. ಕೆಮ್ಮೇ, ಬೇರೇನಲ್ಲ. ಅರಮನೆಯ ಪಾರುಪತ್ಯಗಾರ ಮೆಟ್ಟಿಲ ಮೇಲೆ ನಿಂತು, "ಊರಿಗೇನು ಮೂಗತನ ಬಂತಾ? ಕೆರೆಯ ತೂಬು ಮುಚ್ಚಿಸ್ತೀನಿ, ಆಮೇಲೆ ನೋಡೋಣ" ಅಂತ ಅಬ್ಬರಿಸಿದ. ಯಾರೂ ಅಲುಗಲಿಲ್ಲ. ಹೊಂಬಾಳಿ ನನ್ನ ಬೆರಳು ಹಿಡಿದುಕೊಂಡಿದ್ದಳು, ಮೂಳೆ ಮುರಿಯುವ ಹಾಗೆ. ಮಾವ ಮೂರನೇ ಸಲ ಕೂಗಿದ. ದನಿಯಲ್ಲಿ ಒಂದು ಚೂರು ನಗು ಇತ್ತು, ನನಗೆ ಮಾತ್ರ ಗೊತ್ತಾಯಿತು. "ಎರಡು ಮನೆಗೂ ಒಬ್ಬಳೇ ತಾಯಿ. ಮಾಚಲದೇವಿ." ಕೈ ಕಂಬಳಿಯ ಅಂಚಿಗೆ ಹೋಯಿತು, ಮಡಚುವುದಕ್ಕೆ.

"ಹೂಂ" ಅಂದಳು ಪೊನ್ನಲದೇವಿ.

ಜೋರಾಗಿ ಅನ್ನಲಿಲ್ಲ. ಕತೆ ಕೇಳುವ ಮಕ್ಕಳು ಅನ್ನುವ ಹಾಗೆ ಅಂದಳು. ಮಾವ ಕಣ್ಣು ಬಿಟ್ಟ. ಪಾರುಪತ್ಯಗಾರನೂ ತಬ್ಬಿಬ್ಬಾದ. "ದೊರೆಸಾನಿಯವರ ಹೂಂ ನಡೀತದಾ ಜವರಯ್ಯ?" ಅಂದ. ಮಾವ ಮಗಳನ್ನು ನೋಡಿದ, ನನ್ನನ್ನು ನೋಡಿದ, ನೆಲ ನೋಡಿದ. "ಹದಿನೆಂಟು ವರ್ಷ ಕೆರೆ ನೀರಿನ ಅನ್ನ ಉಂಡಿದಾರೆ. ನಡೀತದೆ" ಅಂದ. ನಾನು ಬಾಯಲ್ಲಿದ್ದ ಹಿಟ್ಟನ್ನು ಉಗಿದು ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದೆ. ಕಾವಲಿನವನು ಮೊಣಕಾಲಿಗೆ ಕೋಲಲ್ಲಿ ಬಾರಿಸಿದ, ಮೆಟ್ಟಿಲ ಹತ್ತಿರ ಬಿದ್ದೆ. "ಅನ್ನಬೇಡಿ ತಾಯಿ! ಊರೆಲ್ಲ ನಿಮ್ಮ ಗಂಟು ಉಳಿಸೋಕೆ ಬಾಯಿಗೆ ಹಿಟ್ಟು ತುಂಬಿಕೊಂಡು ನಿಂತಿದೆ, ನೀವೇ ಹೀಂಗೆ ಮಾಡಿದ್ರೆ!" ಅಂತ ಕೂಗಿದೆ. ಅವಳು ನನ್ನನ್ನು ನೋಡಿದಳು. ಸಿಟ್ಟಿಲ್ಲ, ಏನಿಲ್ಲ, ಸುಸ್ತು. "ನನ್ನ ಗಂಟಾ ತಮ್ಮಾ? ಉಳಿಸು ಅಂತ ನಾನು ಯಾರಿಗೆ ಹೇಳಿದ್ದೆ?" ಅಂದಳು. ಆಮೇಲೆ ಮೇಲುಪ್ಪರಿಗೆಯ ಕಡೆ ತಿರುಗದೆಯೇ, "ಇಷ್ಟು ವರ್ಷ ಆ ಮನೆಯಲ್ಲಿ ಎಲ್ಲದಕ್ಕೂ ಹೂಂ ಅಂದಿದೀನಿ. ಇದೊಂದು ನನಗೋಸ್ಕರ ಅಂತೀನಿ. ಹೇಳಿ ಜವರಯ್ಯ, ನಿಲ್ಲಿಸಬೇಡಿ" ಅಂದಳು. ಊರಿನ ಒಂದೊಂದು ಬಾಗಿಲಿಗೂ ಹೋಗಿದ್ದೆ ನಾನು. ಅವಳ ಬಾಗಿಲಿಗೆ ಹೋಗಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಮಾವ ಹೇಳುತ್ತ ಹೋದ. ಮಾಚಲದೇವಿಯ ಮಗ, ಅವನ ಮಗ, ಅವನ ಮಗಳು. ಆ ಕಡೆಯ ಕವಲು, ಈ ಕಡೆಯ ಕವಲು. ಯಾರು ಯಾರನ್ನು ತಂದರು, ಯಾರು ಎಳೆಯದರಲ್ಲಿ ಸತ್ತರು, ಯಾರು ಬಿಟ್ಟು ಹೋದರು. ಒಂದೊಂದು ಹೆಸರಿಗೂ ಅವಳು ಹೂಂ ಅಂದಳು. ಮಾವನ ದನಿ ಒಡೆದು ಹೋಗುತ್ತಿತ್ತು, ಅವಳದು ಗಟ್ಟಿಯಾಗುತ್ತಿತ್ತು. ಕೊನೆಗೆ "ಮುಮ್ಮಡಿ ಬೊಲ್ಲರಸ. ಪೊನ್ನಲದೇವಿ" ಅಂತ ಬಂತು. ಹೂಂ ಅಂದಳು. ಅವಳ ಕುತ್ತಿಗೆಯಿಂದ ದಾರ ಜಾರಿ ಮಡಿಲಿಗೆ ಬಿತ್ತು. ಅದರ ಹಿಂದೆಯೇ ಅಂಗಳದಲ್ಲೆಲ್ಲ ಸರಸರ ಅಂತ ಸದ್ದು. ಕಲ್ಲಿನ ಮೇಲೆ ತಾಳಿಗಳು ಬಿದ್ದವು, ಮೇಣದ ಚೂರುಗಳು ಬಿದ್ದವು. ಹೆಂಗಸರು ಹಿಟ್ಟು ತುಂಬಿದ ಬಾಯಲ್ಲಿ ಚೀರಲಾರದೆ ನೆಲ ತಡಕಿದರು. ಹೊಂಬಾಳಿ ಎರಡೂ ಕೈಯಲ್ಲಿ ಗಂಟು ಹಿಡಿದುಕೊಂಡಿದ್ದಳು. ನಾನು ಕುಂಟುತ್ತ ಹೋಗಿ ಅವಳ ಕೈಯ ಮೇಲೆ ನನ್ನ ಕೈಯಿಟ್ಟು ಒತ್ತಿದೆ. ಒಳಗೆ ಅದು ಮೀನಿನ ಹಾಗೆ ನುಣುಚಿತು. ಬೆರಳು ಬಿಡಿಸಿದರೆ ಬರೀ ದಾರ.

ಅಂಗಳಕ್ಕೆ ಇದ್ದದ್ದು ಒಂದೇ ಬಾಗಿಲು. ಪಾರುಪತ್ಯಗಾರ ಅಲ್ಲಿ ಹೋಗಿ ನಿಂತ. ಬಿಚ್ಚಿದವರು ಜೊತೆಜೊತೆಯಾಗಿ ಬರಬೇಕು, ಪಕ್ಕದಲ್ಲಿರುವವನು ತನಗೇನಾಗಬೇಕು ಅಂತ ಹೆಣ್ಣು ಬಾಯಿಬಿಟ್ಟು ಹೇಳಬೇಕು, ಅಣ್ಣ ಅಂದವರು ಎಡಕ್ಕೆ ಊರೊಳಗೆ ಹೋಗಿ ಅವರವರ ತವರು ಸೇರಬೇಕು, ಅನ್ನದವರು ಬಲಕ್ಕೆ, ಊರಿನ ಹೆಬ್ಬಾಗಿಲಾಚೆ. ಆಚೆಯಿಂದ ನಮ್ಮಲ್ಲಿಗೆ ಬರುವವರಿದ್ದಾರೆ. ಆಚೆಗೆ ಹೋದ ನಮ್ಮವರು ಯಾರೂ ವಾಪಸು ಬಂದು ಹೀಗಿದೆ ಅಂತ ಹೇಳಿಲ್ಲ. ಮೊದಲು ಪಾರುಪತ್ಯಗಾರನ ಹೆಂಡತಿಯೇ ಬಂದಳು. ಅವನೇ ಕೇಳಿದ, ಅವಳೇ ಅವನ ಮುಖಕ್ಕೆ ಅಣ್ಣ ಅಂದಳು, ಎಡಕ್ಕೆ ಹೋದಳು. ಅವನು ಹಣೆ ಒರೆಸಿಕೊಂಡು ಮುಂದಿನವರನ್ನು ಕರೆದ. ಪುಟ್ತಾಯಿ "ಅಣ್ಣ! ಅಣ್ಣ! ಅಣ್ಣ!" ಅಂತ ಕೂಗಿ ಕೂಗಿ ಹೇಳಿ, ಗಂಡನ ಕಡೆ ತಿರುಗಿಯೂ ನೋಡದೆ ಓಡಿದಳು. ಅವಳನ್ನು ಬೈಯಬೇಕು ಅನ್ನಿಸಲಿಲ್ಲ ನನಗೆ. ಉಳಿದವರು ಅಳುತ್ತ ಅಂದರು, ತಲೆ ತಗ್ಗಿಸಿ ಅಂದರು. ಕೆಲವರು ಅಭ್ಯಾಸ ಮಾಡಿಕೊಂಡು ಬಂದಿದ್ದರಿಂದ ಸುಲಭವಾಗಿ ಅಂದರು.

ನಮ್ಮ ಸರದಿ ಹತ್ತಿರ ಬಂದಂತೆ ನಾನು ಹಿಂದಿನವರಿಗೆ ದಾರಿ ಬಿಟ್ಟು ಬಿಟ್ಟು ನಿಂತೆ. ಬೆತ್ತ ಮುರಿದವನು, ಕಂಬಳಿ ಎಸೆದವನು, ಊರಿಗೆಲ್ಲ ಬೈದವನು ನಾನೇ. ಹೊಂಬಾಳಿಯ ಊದಿದ ಕಾಲು ನೋಡಿದೆ, ಹೊಟ್ಟೆ ನೋಡಿದೆ. "ಅಣ್ಣ ಅಂದುಬಿಡು" ಅಂತ ಪಿಸುಗುಟ್ಟಿದೆ. "ತವರಿಗೆ ಹೋಗು. ಹೆರಿಗೆ ಆಗಲಿ. ಆಮೇಲೆ ಏನಾದ್ರೂ ಮಾಡೋಣ." ಅವಳು ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. "ಇಷ್ಟು ದಿನ ಕೂಗಾಡಿದ್ದು ಯಾರು ಹಂಗಾರೆ?" "ಹೆದರಿಕೆ ಆಗ್ತಿದೆ ಕಣೆ." "ನಂಗೂ" ಅಂದಳು. ಅಷ್ಟರಲ್ಲಿ ಮುಂದಿನವರು ಸರಿದರು. ಪಾರುಪತ್ಯಗಾರ ನಮ್ಮ ಮುಖ ನೋಡದೆ ಕೇಳಿದ: "ಇವನು ನಿನಗೇನಾಗಬೇಕಮ್ಮ?"

ಹೊಂಬಾಳಿ ಹಿಟ್ಟು ನುಂಗಿದಳು. ನುಂಗುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಈರ" ಅಂದಳು.

ಮದುವೆಯಾದಾಗಿನಿಂದ ಅವಳು ನನ್ನ ಹೆಸರು ಎತ್ತಿರಲಿಲ್ಲ. ನಮ್ಮಲ್ಲಿ ಯಾವ ಹೆಂಡತಿಯೂ ಎತ್ತುವುದಿಲ್ಲ. ನನ್ನ ಹೆಸರು ಅಷ್ಟು ಚಿಕ್ಕದು ಅಂತ ನನಗೆ ಗೊತ್ತಿರಲಿಲ್ಲ. ಪಾರುಪತ್ಯಗಾರ ಈಗ ತಲೆ ಎತ್ತಿದ. "ಹೆಸರು ಕೇಳಲಿಲ್ಲ. ಏನಾಗಬೇಕು ಅಂತ ಕೇಳಿದ್ದು." "ಅಣ್ಣ ಅಲ್ಲ. ಗಂಡ ಅನ್ನೋದನ್ನ ನೀವು ಕಿತ್ತುಕೊಂಡ್ರಿ. ಉಳಿದದ್ದು ಹೆಸರು. ಈರ." ಹಿಂದಿನಿಂದ ಸಾಲು ನೂಕುತ್ತಿತ್ತು. ಅವನು ಅವಳ ಹೊಟ್ಟೆಯ ಕಡೆ ನೋಡಿ, ದನಿ ತಗ್ಗಿಸಿ, "ಒಂದು ಮಾತು ಅಂದು ಹೋಗಮ್ಮ, ಯಾರ ಗಂಟೇನು ಹೋಗುತ್ತೆ" ಅಂದ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಅವಳು ಇನ್ನೊಂದು ಸಲ ಈರ ಅಂದಳು. ಅವನು ಬಲಗೈ ಎತ್ತಿ ಬಲಕ್ಕೆ ತೋರಿಸಿದ.

ಮಾವ ಕಂಬಳಿ ಹೊದ್ದು ಕಂಬದ ಹತ್ತಿರ ನಿಂತಿದ್ದ. ಮಗಳು ಅವನ ಮುಂದೆ ಹಾದು ಬಂದಳು. ಅವನಿಗೆ ಹೇಳುವುದಕ್ಕೆ ಒಂದು ಹೆಸರೂ ಸಿಗಲಿಲ್ಲ. ಹೆಬ್ಬಾಗಿಲು ನಮ್ಮ ಬೆನ್ನಿಗೆ ಮುಚ್ಚಿಕೊಂಡಿತು. ಆಚೆ ನಾನು ಅಂದುಕೊಂಡಿದ್ದ ಹಾಗೆ ಪ್ರಪಾತವೇನೂ ಇರಲಿಲ್ಲ, ಕಾಡೂ ಇರಲಿಲ್ಲ. ಬಿಸಿಲು, ಬಂಡಿ ಜಾಡು, ಒಂದಿಷ್ಟು ಕಳ್ಳಿ. ಅದೇ ಇನ್ನೂ ಹೆದರಿಕೆ ಹುಟ್ಟಿಸಿತು. ಎಲ್ಲಿಗೆ ಹೋಗಬೇಕು ಅಂತ ಯಾವುದೂ ಹೇಳುತ್ತಿರಲಿಲ್ಲ. "ಈಗೇನು ಮಾಡೋದು ಈರ?" ಅಂದಳು. "ಗೊತ್ತಿಲ್ಲ." "ಮೊದಲು ಎಲ್ಲಾದ್ರೂ ಕೂರೋಣ. ಕಾಲು ಆಗ್ತಿಲ್ಲ." ಜಾಡಿನ ಪಕ್ಕ ಒಂದು ಚಪ್ಪಟೆ ಕಲ್ಲಿತ್ತು. ಅವಳನ್ನು ಕೂರಿಸಿ ನಾನೂ ಕೂತೆ. ಏಟು ಬಿದ್ದ ನನ್ನ ಮಂಡಿ ಊದಿತ್ತು. ನೀರು ತಂದಿರಲಿಲ್ಲ. ಕೂಸು ಇವತ್ತೇ ಬಂದುಬಿಟ್ಟರೆ ಯಾರನ್ನು ಕೂಗುವುದು ಅಂತ ಯೋಚಿಸಿದೆ, ಯಾರ ಮುಖವೂ ನೆನಪಿಗೆ ಬರಲಿಲ್ಲ.

ಆಗ ಹೆಬ್ಬಾಗಿಲು ಮತ್ತೆ ಕಿರುಗುಟ್ಟಿತು. ಯಾರನ್ನೋ ಹೊರಗೆ ತಳ್ಳಿದರು, ಮುಚ್ಚಿತು. ಹೆಂಗಸಿನ ಗಂಟಲು ಊರಿಗೇ ಕೇಳುವ ಹಾಗೆ ಕಿರುಚುತ್ತಿತ್ತು. "ಲೋ ಬೋರ! ಬೋರ, ನಿನ್ನ ಮುಖಕ್ಕೆ ಮಣ್ಣು ಹಾಕ! ನಿನ್ನ ಹೆಸರು ಹೇಳಿ ಬೀದಿಗೆ ಬಂದೆನಲ್ಲೋ, ಒಂದು ಚೊಂಬು ನೀರಾದ್ರೂ ಹಿಡ್ಕೊಂಡು ಬರಬಾರದಾಗಿತ್ತೇನೋ ಬೋರ!" ಕುಳ್ಳಬೋರ ಅವಳ ಹಿಂದೆ ಹಿಂದೆ, ಬಾಯಿಯ ಸುತ್ತ ಹಿಟ್ಟು ಮೆತ್ತಿಕೊಂಡು, ತನ್ನ ಹೆಸರು ಕೇಳಿದಾಗಲೆಲ್ಲ ಬೆಚ್ಚಿ ಬೆಚ್ಚಿ ನೋಡುತ್ತ ಬರುತ್ತಿದ್ದ. ಕಲ್ಲು ದೊಡ್ಡದೇನಲ್ಲ. ಹೊಂಬಾಳಿ ನನ್ನನ್ನು ಮೊಣಕೈಯಲ್ಲಿ ತಿವಿದಳು. ನಾನು ಅಂಚಿಗೆ ಸರಿದೆ.